ಉಷ್ಣ, ನಂಜು, ನೊರೆ

ಚರ್ಮದ ಮೇಲೆ ಏಳುವ ಬಾಧೆಗಳಿಗೆ ಹೆಸರಿಡುವುದರಲ್ಲಿ ಕನ್ನಡಕ್ಕೆ ಬಡತನವಿಲ್ಲ. ಮೊಡವೆ ಬೇರೆ, ಕುರು ಬೇರೆ. ಬೆವರುಸಾಲೆಯನ್ನು ಯಾರೂ ಕಜ್ಜಿ ಎನ್ನುವುದಿಲ್ಲ, ಹುಳುಕಡ್ಡಿಯನ್ನು ಇಸಬು ಎನ್ನುವುದಿಲ್ಲ. ಗಂಧೆ, ದದ್ದು, ಬೊಬ್ಬೆ, ಸರ್ಪಸುತ್ತು, ಕೆಸರುಹುಣ್ಣು ಎಂದು ಪಟ್ಟಿ ಇನ್ನೂ ಉದ್ದಕ್ಕೆ ಬೆಳೆಯುತ್ತದೆ. ಇಷ್ಟೊಂದು ಹೆಸರು ಕಟ್ಟಿದ ಜನ ಕಾರಣ ಹೇಳುವ ಹೊತ್ತಿಗೆ ಮಾತ್ರ ಕೈ ಬಿಗಿ ಹಿಡಿಯುತ್ತಾರೆ. ಹಳೇ ಮೈಸೂರು ಸೀಮೆಯಲ್ಲಿ ಮೈಮೇಲೆ ಏನೇ ಎದ್ದರೂ ಕಾರಣ ಎರಡೇ: ಒಂದು ಉಷ್ಣ, ಇನ್ನೊಂದು ನಂಜು. ಉಷ್ಣ ಒಳಗಿನಿಂದ ಬರುವುದು; ನಂಜು ಬದನೆಕಾಯಿಯಂಥ ತಿನಿಸಿನಿಂದಲೋ ಮುಳ್ಳು, ಹುಳ, ಕೆಟ್ಟ ನೀರು ತಾಗಿಯೋ ಹೊರಗಿನಿಂದ ಸೇರುವುದು. ಈ ಎರಡು ಪದಗಳು ದಡ್ಡ ಪದಗಳಲ್ಲ. ಬಾಧೆ ಒಳಗಿನದೋ ಹೊರಗಿನದೋ ಎಂದು ಮೊದಲು ಕೇಳಿಕೊಳ್ಳುವ ಬುದ್ಧಿ ಅವುಗಳ ಹಿಂದಿದೆ. ಎಡವಟ್ಟಾಗಿರುವುದು ಯಾವುದಕ್ಕೆ ಯಾವುದನ್ನು ಅಂಟಿಸಿದೆವು ಎಂಬಲ್ಲಿ. ಒಳಗಿನದಾದ ಮೊಡವೆಗೆ ಹೊರಗಿನ ಕೊಳೆಯನ್ನು ದೂರಿದೆವು, ಹೊರಗಿನಿಂದ ಬಂದ ತುರಿಗೆ ಮೈಯ ಉಷ್ಣವನ್ನು ದೂರಿದೆವು. ಈ ಅದಲುಬದಲಿನ ಬೆಲೆ ತೆತ್ತ ಊರುಗಳಲ್ಲಿ ರಾಮನಗರ ತಾಲ್ಲೂಕಿನ, ಬಿಡದಿ ಸಮೀಪದ ಬೈರಮಂಗಲ ಒಂದು.

ಮೊದಲು ಮೊಡವೆಯ ಲೆಕ್ಕ ಮುಗಿಸೋಣ. ಮೊಡವೆ ಉಷ್ಣದಿಂದ ಎಂಬ ಮಾತು ಆಯುರ್ವೇದದಿಂದ ಬಂದದ್ದೆಂದು ಅನೇಕರು ನಂಬಿದ್ದಾರೆ. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಕ್ಷುದ್ರರೋಗಗಳ ನಡುವೆ ಮುಖದೂಷಿಕಾ ಎಂಬ ಹೆಸರಿನಲ್ಲಿ ಮೊಡವೆಯ ವರ್ಣನೆಯಿದೆ. ಅಲ್ಲಿ ದೂರಿರುವುದು ಕಫ, ವಾತ ಮತ್ತು ರಕ್ತವನ್ನು. ಉಷ್ಣದ ಒಡೆಯನಾದ ಪಿತ್ತದ ಹೆಸರೇ ಇಲ್ಲ. ಇದು ತರುಣರ ಮುಖದಲ್ಲಿ ಏಳುವುದು ಎಂದು ವಯಸ್ಸನ್ನೂ ಜಾಗವನ್ನೂ ಅದು ಸರಿಯಾಗಿ ಗುರುತಿಸುತ್ತದೆ, ಆಕಾರಕ್ಕೆ ಬೂರುಗದ ಮರದ ಮುಳ್ಳನ್ನು ಹೋಲಿಸುತ್ತದೆ. ಎಳೆಯ ಬೂರುಗದ ಕಾಂಡ ನೋಡಿದವರಿಗೆ ಈ ಹೋಲಿಕೆಯ ಕರಾರುವಾಕ್ಕುತನ ತಿಳಿಯುತ್ತದೆ: ಬುಡ ಅಗಲ, ತುದಿ ಚೂಪು, ತೊಗಟೆಯ ಒಳಗಿನಿಂದಲೇ ಉಬ್ಬಿ ಬಂದಂತೆ. ‘ಪ್ರಾಯದ ಗುಳ್ಳೆ’ ಎಂಬ ನಮ್ಮ ಆಡುಮಾತೂ ಅದನ್ನೇ ಹೇಳುತ್ತದೆ. ನೋಡುವ ಕಣ್ಣು ತಪ್ಪಿರಲಿಲ್ಲ. ತಪ್ಪಿದ್ದು ಮದ್ದಿನ ದಾರಿ. ಉಷ್ಣ ಇಳಿಯಲೆಂದು ನೆತ್ತಿಗೆ ಹರಳೆಣ್ಣೆ ಒತ್ತುವ ರೂಢಿಯನ್ನೇ ನೋಡಿ. ಎಣ್ಣೆ ಹಣೆಗಿಳಿದು ರಂಧ್ರ ಕಟ್ಟಿದರೆ ಹಣೆಯ ಮೇಲ್ಭಾಗದಲ್ಲಿ ಸಣ್ಣ ಮೊಡವೆಗಳು ಸಾಲುಗಟ್ಟುತ್ತವೆ. ತಲೆಗೆ ಬಳಿದುಕೊಳ್ಳುವ ಜಿಡ್ಡಿನಿಂದ ಏಳುವ ಈ ಬಗೆಗೆ 1970ರಲ್ಲಿ ಅಮೆರಿಕದ ಚರ್ಮವೈದ್ಯರು ಬೇರೆ ಹೆಸರನ್ನೇ ಕೊಟ್ಟರು. ಮೊಡವೆ ಕಳೆಯಲು ಎಣ್ಣೆ, ಎಣ್ಣೆಯಿಂದ ಮತ್ತೆ ಮೊಡವೆ.

ಚರ್ಮದೊಳಗೆ ನಿಜವಾಗಿ ನಡೆಯುವುದು ಇಷ್ಟು. ಮುಖ, ಎದೆ, ಬೆನ್ನಿನ ಮೇಲ್ಭಾಗದ ರೋಮಕೂಪಗಳಿಗೆ ಅಂಟಿಕೊಂಡ ಎಣ್ಣೆಗ್ರಂಥಿಗಳು ಹರೆಯದಲ್ಲಿ ಆಂಡ್ರೋಜೆನ್ ಹಾರ್ಮೋನು ಹೆಚ್ಚಿದಾಗ ಜಾಸ್ತಿ ಜಿಡ್ಡು ಒಸರುತ್ತವೆ. ಕೂಪದ ಒಳಗೋಡೆಯಿಂದ ಉದುರಬೇಕಾದ ಸತ್ತ ಜೀವಕೋಶಗಳು ಉದುರದೆ ಜಿಡ್ಡಿನೊಡನೆ ಕಲಸಿ ಬಿರಡೆಯಾಗುತ್ತವೆ. ಗಾಳಿಯಾಡದ ಆ ಬಿರಡೆಯ ಹಿಂದೆ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ, ಎಲ್ಲರ ಚರ್ಮದಲ್ಲೂ ಇರುವ ಬ್ಯಾಕ್ಟೀರಿಯಾ ಹೆಚ್ಚುತ್ತದೆ; ದೇಹ ಅದರ ಮೇಲೆ ತಿರುಗಿಬಿದ್ದಾಗ ಕೆಂಪು, ನೋವು, ಕೀವು. ಕೂಪದ ಬಾಯಿ ತೆರೆದೇ ಇದ್ದರೆ ತುದಿಯಲ್ಲಿ ಕಪ್ಪು ಚುಕ್ಕೆ ಕಾಣುತ್ತದೆ. ಆ ಕಪ್ಪು ಕೊಳೆಯಲ್ಲ. ಚರ್ಮದ್ದೇ ಬಣ್ಣವಾದ ಮೆಲನಿನ್ ಮತ್ತು ಗಾಳಿ ತಾಗಿ ಬಣ್ಣ ತಿರುಗಿದ ಜಿಡ್ಡು. ಆದರೆ ನೋಡಿದವರಿಗೆ ಅದು ಕೊಳೆಯಾಗಿಯೇ ಕಂಡಿತು, ಆದ್ದರಿಂದ ಉಜ್ಜಿದರು. 1918ರಲ್ಲಿ ಮೈಸೂರು ಸಂಸ್ಥಾನ ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ತೆರೆಯುವವರೆಗೆ ನಮ್ಮ ಕಡೆ ಮೈ ತಿಕ್ಕಲು ಇದ್ದದ್ದು ಕಡಲೆಹಿಟ್ಟು, ಹೆಸರುಹಿಟ್ಟು, ಸೀಗೆ, ಅಂಟುವಾಳ. ಸಾಬೂನು ಬಂದ ಮೇಲೆ ಕೊಳೆಯ ಸಿದ್ಧಾಂತಕ್ಕೆ ಹೊಸ ಬಲ ಬಂತು. ದಿನಕ್ಕೆ ಐದಾರು ಸಲ ಮುಖ ತೊಳೆದರೆ ಮೊಡವೆ ಹೋಗುತ್ತದೆ ಎಂಬುದು ಮೂರು ನಾಲ್ಕು ತಲೆಮಾರಿನ ವೇದವಾಕ್ಯ. ಹೆಚ್ಚು ತೊಳೆದಷ್ಟೂ ಚರ್ಮದ ಮೇಲಿನ ಕಾಪು ಹರಿದು ಉರಿ ಹೆಚ್ಚುತ್ತದೆಯೇ ಹೊರತು, ಒಳಗಿನ ಬಿರಡೆಗೆ ಸಾಬೂನು ತಲುಪುವುದಿಲ್ಲ. ಈ ಸಾಬೂನಿನ ಮಾತು ಇಲ್ಲಿಗೆ ಮುಗಿಯುವುದಿಲ್ಲ. ಅದು ಬಚ್ಚಲಿನಿಂದ ಮೋರಿಗೆ, ಮೋರಿಯಿಂದ ವೃಷಭಾವತಿಗೆ ಇಳಿದು ಬೈರಮಂಗಲಕ್ಕೆ ಬರುತ್ತದೆ.

ಬಸವನಗುಡಿಯ ದೊಡ್ಡ ಬಸವನ ಪಾದದ ಬಳಿ ಹುಟ್ಟಿದ್ದೆಂಬ ನಂಬಿಕೆಯಿಂದ ಹೆಸರು ಪಡೆದ ಹೊಳೆ ವೃಷಭಾವತಿ. ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿ ಒಂದು ಕಾಲಕ್ಕೆ ಹೊಳೆದಂಡೆಯ ಗುಡಿಯೇ. ನಾಯಂಡಹಳ್ಳಿ, ಕೆಂಗೇರಿ ದಾಟಿ ಬಿಡದಿ ಸೀಮೆಗೆ ಬರುವ ಈ ಹೊಳೆಗೆ 1940ರ ದಶಕದಲ್ಲಿ ಬೈರಮಂಗಲದ ಬಳಿ ಅಡ್ಡಲಾಗಿ ಏರಿ ಕಟ್ಟಿ ಜಲಾಶಯ ಮಾಡಿದರು. ಮಳೆಗಾಲದಲ್ಲಿ ತುಂಬಿಕೊಂಡು ಬೇಸಿಗೆಗೆ ಬಡಕಲಾಗುವ ಹೊಳೆಯನ್ನು ಹಿಡಿದು ನಿಲ್ಲಿಸಿ ಕೆಳಗಿನ ಅಚ್ಚುಕಟ್ಟಿನಲ್ಲಿ ಭತ್ತ, ಕಬ್ಬು ಬೆಳೆಯುವುದು ಉದ್ದೇಶ. ಆ ದಿನಗಳಲ್ಲಿ ಗದ್ದೆಗಿಳಿದವರ ಕಾಲಿಗೆ ಏನೂ ಆಗುತ್ತಿರಲಿಲ್ಲ ಎಂದು ಬಣ್ಣ ಕಟ್ಟಬೇಕಿಲ್ಲ. ನಾಟಿಯ ಕಾಲದಲ್ಲಿ ಬೆರಳ ಸಂದಿಗೆ ಕೆಸರುಹುಣ್ಣು ಬರುತ್ತಿತ್ತು, ಗೋರಂಟಿ ಅರೆದು ಮೆತ್ತುತ್ತಿದ್ದರು, ನಾಟಿ ಮುಗಿದು ಕಾಲು ಒಣಗಿದರೆ ಹುಣ್ಣೂ ಒಣಗುತ್ತಿತ್ತು. ಬಾಧೆಗೆ ಒಂದು ಹಂಗಾಮು ಇತ್ತು, ಕೊನೆಯೂ ಇತ್ತು.

ಹಂಗಾಮನ್ನು ಅಳಿಸಿದ್ದು ಕಾವೇರಿ ಎಂದರೆ ವಿಚಿತ್ರವಾಗಿ ಕೇಳಿಸೀತು. 1974ರಲ್ಲಿ ಕಾವೇರಿ ಯೋಜನೆಯ ಮೊದಲ ಹಂತದ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ ಏರಿ ಬೆಂಗಳೂರಿಗೆ ಬಂತು, ಆಮೇಲೆ ಒಂದರ ಹಿಂದೊಂದು ಹಂತ. ಮನೆಗೆ ಬಂದ ನೀರಿನ ಬಹುಪಾಲು ಮನೆಯಲ್ಲಿ ಉಳಿಯುವುದಿಲ್ಲ. ಪಾತ್ರೆ, ಬಟ್ಟೆ, ಮೈ, ಕಕ್ಕಸು ತೊಳೆದು ಹೊರಬೀಳುತ್ತದೆ. ನಗರದ ಪಶ್ಚಿಮ ಭಾಗದಲ್ಲಿ ಹೊರಬಿದ್ದದ್ದಕ್ಕೆ ಇಳಿಜಾರು ಇರುವುದು ವೃಷಭಾವತಿ ಕಣಿವೆಯ ಕಡೆಗೆ. ಪೀಣ್ಯ ಕೈಗಾರಿಕಾ ಪ್ರದೇಶದ ಒಂದಂಶದ ನೀರೂ ಇದೇ ದಾರಿ ಹಿಡಿಯಿತು, ಮುಂದೆ ಬಿಡದಿಯ ಕೈಗಾರಿಕೆಗಳೂ ಜೊತೆಗೂಡಿದವು. ಬೇಸಿಗೆಯಲ್ಲಿ ಬತ್ತುತ್ತಿದ್ದ ಹೊಳೆ ವರ್ಷವಿಡೀ ಹರಿಯತೊಡಗಿತು. ರೈತನಿಗೆ ಇದು ಮೊದಮೊದಲು ವರವಾಗಿಯೇ ಕಂಡಿರಬೇಕು: ಕಾಲುವೆಯಲ್ಲಿ ಏಪ್ರಿಲ್‌ನಲ್ಲೂ ನೀರು, ಅದರಲ್ಲೇ ಸಾರಜನಕವೂ ಕರಗಿ ಬರುವಾಗ ಗೊಬ್ಬರದ ಖರ್ಚೂ ಕಡಿಮೆ. ಇತ್ತ ಪೇಟೆಯಲ್ಲಿ 1959ರಲ್ಲಿ ಸರ್ಫ್, 1969ರಲ್ಲಿ ನಿರ್ಮಾ ಬಂದು ಸಾಬೂನಿನ ಜಾಗಕ್ಕೆ ಕೃತಕ ಮಾರ್ಜಕಗಳು ನೆಲೆಯೂರಿದ್ದವು. ಅವುಗಳ ಗುಣ ಬೈರಮಂಗಲದ ತೂಬು, ಕೋಡಿಗಳಲ್ಲಿ ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ. ನೀರು ಎತ್ತರದಿಂದ ಬೀಳುವ ಕಡೆಯೆಲ್ಲ ನೊರೆ ಏಳುತ್ತದೆ, ಹಿಂಜಿದ ಹತ್ತಿಯಂತೆ ರಾಶಿಯಾಗುತ್ತದೆ, ಗಾಳಿ ಬಂದಾಗ ತುಣುಕು ತುಣುಕಾಗಿ ಹಾರಿ ಬೆಳೆಯ ಮೇಲೂ ದಾರಿಯ ಮೇಲೂ ಕೂರುತ್ತದೆ. ಆ ನೊರೆಯಲ್ಲಿ ಮುಖ ತೊಳೆಯುವ ದ್ರಾವಣದ ಪಾಲು ಬಟ್ಟೆಪುಡಿಯ ಪಾಲಿನ ಮುಂದೆ ಅತ್ಯಲ್ಪ. ಆದರೂ ಪಟ್ಟಣದ ಹುಡುಗ ಹುಡುಗಿಯರು ಮೊಡವೆಯ ಮೇಲೆ ವ್ಯರ್ಥವಾಗಿ ಉಜ್ಜಿದ್ದೂ ಅದರಲ್ಲಿ ಇದೆ ಎಂಬುದು ಸುಳ್ಳಲ್ಲ.

ಮಾರ್ಜಕ ಜಿಡ್ಡನ್ನು ಬಿಡಿಸುತ್ತದೆ. ಪಾತ್ರೆಯ ಜಿಡ್ಡು, ಚರ್ಮದ ಜಿಡ್ಡು ಎಂಬ ಭೇದ ಅದಕ್ಕೆ ಗೊತ್ತಿಲ್ಲ. ಚರ್ಮದ ಹೊರಪದರವನ್ನು ಇಟ್ಟಿಗೆ ಗೋಡೆ ಎಂದುಕೊಂಡರೆ ಅದರ ಜಿಡ್ಡು ಗಾರೆಯಿದ್ದಂತೆ. ದಿನಾ ಗಂಟೆಗಟ್ಟಲೆ ಇಂಥ ನೀರಲ್ಲಿ ನಿಂತರೆ ಗಾರೆ ಕಳಚಿ ಚರ್ಮ ಒಣಗುತ್ತದೆ, ಬಿರಿಯುತ್ತದೆ, ಉರಿಯುತ್ತದೆ. ಬಿರುಕಿನಲ್ಲಿ ಕೊಳಚೆಯ ರೋಗಾಣುಗಳಿಗೂ ಶಿಲೀಂಧ್ರಕ್ಕೂ ದಾರಿ. ವೃಷಭಾವತಿಯ ನೀರು, ಆ ನೀರುಂಡ ಮಣ್ಣು, ಅಲ್ಲಿ ಬೆಳೆದ ಸೊಪ್ಪುಗಳನ್ನು ಪರೀಕ್ಷಿಸಿದ ಸಂಶೋಧಕರು ಕ್ರೋಮಿಯಂ, ನಿಕ್ಕಲ್, ಸೀಸದಂಥ ಲೋಹಗಳನ್ನು ಗುರುತಿಸಿದ್ದಾರೆ. ಇವುಗಳಲ್ಲಿ ನಿಕ್ಕಲ್ ಮತ್ತು ಕ್ರೋಮಿಯಂ ಚರ್ಮದ ಅಲರ್ಜಿಗೆ ಜಗತ್ತಿನಾದ್ಯಂತ ಹೆಸರಾದವು: ಒಮ್ಮೆ ದೇಹ ಅವನ್ನು ಶತ್ರುವೆಂದು ಗುರುತು ಹಿಡಿದರೆ ಮುಂದೆ ಚೂರೇ ತಾಗಿದರೂ ದದ್ದು. ಕಾಲುವೆಗೆ ಇಳಿದರೆ ತುರಿಕೆ ಎಂದು ಅಚ್ಚುಕಟ್ಟಿನ ರೈತರು ಅಧ್ಯಯನಕ್ಕೆ ಬಂದವರಿಗೂ ಪತ್ರಕರ್ತರಿಗೂ ವರ್ಷಗಳಿಂದ ಹೇಳುತ್ತಲೇ ಬಂದಿದ್ದಾರೆ. ಬೆಳೆಯೂ ಅದಕ್ಕೆ ತಕ್ಕಂತೆ ಬದಲಾಯಿತು. ಮೊಣಕಾಲುದ್ದ ನೀರಲ್ಲಿ ನಿಲ್ಲಿಸುವ ಭತ್ತ ಹಿಂದೆ ಸರಿಯಿತು. ಸೀಮೆಹುಲ್ಲು, ಹಿಪ್ಪುನೇರಳೆ, ಬೇಬಿ ಕಾರ್ನ್, ತೆಂಗು ಮುಂದೆ ಬಂದವು. ಬೆಳೆ ಬದಲಾದದ್ದಕ್ಕೆ ಮಾರುಕಟ್ಟೆ, ಕೂಲಿ, ನೀರಿನಲ್ಲಿ ಕರಗಿದ ಉಪ್ಪು ಎಂಬ ಕಾರಣಗಳೂ ಇವೆ, ಎಲ್ಲವನ್ನೂ ಚರ್ಮದ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ನಾಟಿ ಕೂಲಿಗೆ ಜನ ಹಿಂಜರಿಯುವ ಕಡೆ ಭತ್ತ ಎಷ್ಟು ದಿನ ನಿಂತೀತು?

ಒಳಗಿನದೋ ಹೊರಗಿನದೋ ಎಂಬುದನ್ನು ತಿಳಿಯಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ, ಕಣ್ಣು ಸಾಕು. ಮೊಡವೆ ಎಣ್ಣೆಗ್ರಂಥಿ ದಟ್ಟವಾಗಿರುವಲ್ಲಿ ಏಳುತ್ತದೆ. ಅಂಗೈ, ಅಂಗಾಲಿನಲ್ಲಿ ಆ ಗ್ರಂಥಿಯೇ ಇಲ್ಲದ್ದರಿಂದ ಅಲ್ಲಿ ಮೊಡವೆ ಏಳುವ ಮಾತೇ ಇಲ್ಲ. ನೀರಿನಿಂದ ಏಳುವ ದದ್ದು ನೀರು ಮುಟ್ಟಿದ ಎತ್ತರಕ್ಕೆ ನಿಲ್ಲುತ್ತದೆ: ಬೆರಳ ಸಂದಿ, ಹಿಮ್ಮಡಿ, ಕಣಕಾಲು, ಅದರ ಮೇಲೆ ಸೀರೆಯೋ ಪಂಚೆಯೋ ಎತ್ತಿ ಕಟ್ಟಿದ ಮಟ್ಟದವರೆಗೆ. ಅಲ್ಲಿಂದ ಮೇಲೆ ಚರ್ಮ ಸ್ವಚ್ಛ. ಮೊಡವೆ ಹರೆಯದವರನ್ನು ಹುಡುಕುತ್ತದೆ. ಈ ದದ್ದಿಗೆ ವಯಸ್ಸಿನ ಹಂಗಿಲ್ಲ, ಕೆಲಸದ ಹಂಗಿದೆ. ಇಷ್ಟು ಸುಲಭದ ಗುರುತಿದ್ದೂ ಔಷಧದಂಗಡಿಯ ಕಟ್ಟೆಯ ಮೇಲೆ ಎರಡಕ್ಕೂ ‘ಉಷ್ಣ ಆಗಿದೆ, ಎಳನೀರು ಕುಡೀರಿ’ ಎಂಬ ಒಂದೇ ಮಾತು, ಒಂದೇ ಟ್ಯೂಬು.

ಆ ಟ್ಯೂಬಿನ ಚರಿತ್ರೆ ಕೊಂಚ ಬಿಡಿಸಿ ಹೇಳಬೇಕಾದ್ದು. ಬೆಟಾಮೆಥಸೋನ್, ಕ್ಲೋಬೆಟಸಾಲ್‌ನಂಥ ಸ್ಟೆರಾಯ್ಡ್ ಮುಲಾಮುಗಳು ಇಸಬಿಗೆ, ಅಲರ್ಜಿಯ ದದ್ದಿಗೆ ನಿಜಕ್ಕೂ ಒಳ್ಳೆಯ ಮದ್ದು. ವೈದ್ಯರು ಹೇಳಿದಷ್ಟು ದಿನ ಹಚ್ಚಿದರೆ ಉರಿ ಇಳಿಯುತ್ತದೆ. ಆದರೆ ತುರಿ ತಂದ ನೀರಿಗೇ ಮರುದಿನ ಇಳಿಯಬೇಕಾದವನಿಗೆ ಅದು ದಿನನಿತ್ಯದ ಸಾಮಾನಾಗುತ್ತದೆ. ಮನೆಯ ಗೂಡಿನಲ್ಲಿ ಕೂತ ಟ್ಯೂಬು ಅಪ್ಪನ ಕಾಲಿಗೆ ತಂದದ್ದಾದರೂ ಮಗಳ ಮುಖಕ್ಕೆ ಏರಲು ತಡವಿಲ್ಲ, ಮೊಡವೆಯೂ ಗುಳ್ಳೆ ತಾನೆ! ಎರಡು ದಿನದಲ್ಲಿ ಕೆಂಪು ಇಳಿದು ಮುಖ ಬೆಳ್ಳಗಾದಂತೆಯೂ ಕಾಣುತ್ತದೆ. ಆಮೇಲೆ ಸ್ಟೆರಾಯ್ಡ್ ತನ್ನದೇ ಮೊಡವೆ ಎಬ್ಬಿಸುತ್ತದೆ, ಚರ್ಮ ತೆಳುವಾಗಿ ರಕ್ತನಾಳ ಕಾಣಿಸುತ್ತದೆ, ಬಿಟ್ಟರೆ ಉರಿ, ಹಚ್ಚಿದರೆ ಮಾತ್ರ ನೆಮ್ಮದಿ. ಇದು ಬೈರಮಂಗಲಕ್ಕೆ ಸೀಮಿತವಾದ ಕಥೆಯಲ್ಲ. 2011ರಲ್ಲಿ ಭಾರತದ ಹಲವು ಚಿಕಿತ್ಸಾ ಕೇಂದ್ರಗಳ ಚರ್ಮವೈದ್ಯರು ಒಟ್ಟಾಗಿ ಪ್ರಕಟಿಸಿದ ಅಧ್ಯಯನದಲ್ಲಿ ಮುಖದ ತೊಂದರೆಯಿಂದ ಬಂದ 2,926 ಜನರ ಪೈಕಿ 433 ಮಂದಿ ಮುಖಕ್ಕೆ ಸ್ಟೆರಾಯ್ಡ್ ಮುಲಾಮು ಬಳಸುತ್ತಿದ್ದರು. ಅವರಲ್ಲಿ ಹೆಚ್ಚಾಗಿ ಕಂಡ ದುಷ್ಪರಿಣಾಮ ಮೊಡವೆಯೇ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಕಾರಣಗಳ ಅದಲುಬದಲು ಚರ್ಮದ ಮೇಲೆ ಹೇಗೆ ಹೊಸ ರೋಗವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಸಿಗಲಿಕ್ಕಿಲ್ಲ.

ಊರವರಿಗೆ ನೀರೇ ಕಾರಣವೆಂದು ಗೊತ್ತಿದೆಯಲ್ಲ, ಹೆಸರು ಹಿಡಿದು ಹೇಳುವುದರಿಂದ ಏನಾದೀತು ಎಂದು ಕೇಳಬಹುದು. ಇದಕ್ಕೆ ಉತ್ತರ ನಮ್ಮ ನಾಡಿನ ಇನ್ನೊಂದು ತುರಿಕೆಯಲ್ಲಿದೆ. 1950ರ ದಶಕದಲ್ಲಿ ಪುಣೆಯ ಬಳಿ ಮೊದಲು ಕಣ್ಣಿಗೆ ಬಿದ್ದ ಪಾರ್ಥೇನಿಯಂ ಕಳೆ 1970ರ ದಶಕದ ಹೊತ್ತಿಗೆ ಬೆಂಗಳೂರು ಸುತ್ತಮುತ್ತಲ ಬೀಳುಗಳನ್ನೆಲ್ಲ ಆವರಿಸಿತ್ತು. ಕಳೆ ಕೀಳುವವರ ಮುಖ, ಕತ್ತು, ಮೊಣಕೈ ಮಡಿಕೆಗಳಲ್ಲಿ ಚರ್ಮ ದಪ್ಪಗಟ್ಟಿ ಕೆರೆತ ಏಳುತ್ತಿತ್ತು. ಜನ ಆ ಕಳೆಗೆ ‘ಕಾಂಗ್ರೆಸ್ ಗಿಡ’ ಎಂದು ಹೆಸರಿಟ್ಟು ನೇರವಾಗಿ ಗಿಡವನ್ನೇ ದೂರಿದರು, ಉಷ್ಣ ಎಂದು ಸುಮ್ಮನಾಗಲಿಲ್ಲ. ವಿಜ್ಞಾನಿಗಳು ಗಿಡದಲ್ಲಿರುವ ಪಾರ್ಥೇನಿನ್ ಎಂಬ ರಾಸಾಯನಿಕವನ್ನು ಬೆರಳಿಟ್ಟು ತೋರಿಸಿದರು. 1975ರಲ್ಲಿ ಕರ್ನಾಟಕ ಸರ್ಕಾರ ಅದನ್ನು ಹಾನಿಕರ ಕಳೆಯೆಂದು ಸಾರಿತು. 1980ರ ದಶಕದಲ್ಲಿ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಮೂಲಕ ಮೆಕ್ಸಿಕೋದ ಜೀರುಂಡೆ ಬಂದು ಗಿಡದ ಎಲೆ ತಿನ್ನತೊಡಗಿತು. ಗಿಡ ನಿರ್ನಾಮವಾಗಲಿಲ್ಲ, ಅದು ಬೇರೆ ಮಾತು. ಕಾರಣ ದಾಖಲೆಗೆ ಇಳಿದ ಕೂಡಲೇ ಸರ್ಕಾರ, ವಿಶ್ವವಿದ್ಯಾಲಯ, ವೈದ್ಯರು ಮೂವರಿಗೂ ಒಂದೊಂದು ಕೆಲಸ ಹುಟ್ಟಿತು ಎಂಬುದು ಇಲ್ಲಿಯ ವಿಷಯ. ಊರಿಗೆ ಗೊತ್ತಿರುವುದಕ್ಕೂ ದಾಖಲೆಯಲ್ಲಿ ಇರುವುದಕ್ಕೂ ಇಷ್ಟು ಅಂತರ.

ಬೈರಮಂಗಲವಿರುವ ಜಿಲ್ಲೆಯ ರೇಷ್ಮೆ ಇದಕ್ಕೆ ವಿರುದ್ಧವಾದ ಪಾಠ ಹೇಳುತ್ತದೆ. ಬೈರಮಂಗಲದ ಹಿಪ್ಪುನೇರಳೆ ತಿಂದ ಹುಳು ಕಟ್ಟಿದ ಗೂಡು ರಾಮನಗರದ ಮಾರುಕಟ್ಟೆಗೆ ಹೋಗಿ, ಅಲ್ಲಿಂದ ನೂಲು ಬಿಚ್ಚುವವರ ಮನೆ ಸೇರುತ್ತದೆ. ಕುದಿಯುವ ನೀರಲ್ಲಿ ಬೆಂದ ಗೂಡಿನ ಎಳೆಯ ತುದಿ ಹುಡುಕುವುದು ಬೆರಳ ಕೆಲಸ. ಬಿಸಿನೀರು, ಗೂಡಿನ ಅಂಟು, ಕೊಳೆತ ಹುಳು ಸೇರಿ ಬೆರಳು ಬೆಂದು, ಸಂದಿಗಳಲ್ಲಿ ಬೊಬ್ಬೆ ಎದ್ದು ಒಡೆಯುತ್ತವೆ. ಫ್ರಾನ್ಸಿನ ರೇಷ್ಮೆ ಕಾರ್ಖಾನೆಗಳಲ್ಲಿ 19ನೆಯ ಶತಮಾನದಲ್ಲೇ ವೈದ್ಯರು ಇದಕ್ಕೆ ನೀರ ತೊಟ್ಟಿಯ ಹೆಸರನ್ನೇ ಇಟ್ಟು ‘ತೊಟ್ಟಿಯ ಬೇನೆ’ ಎಂದು ಬರೆದಿಟ್ಟಿದ್ದರು. ನಮ್ಮಲ್ಲಿ ಅದು ಕಸುಬಿನ ಲಕ್ಷಣವಾಗಿ ಉಳಿಯಿತೇ ಹೊರತು ರೋಗವಾಗಲಿಲ್ಲ. ಕರ್ನಾಟಕದ ರೇಷ್ಮೆ ಘಟಕಗಳಲ್ಲಿ ದುಡಿಯುವ ಮಕ್ಕಳ ಬೆಂದ ಕೈಗಳ ಬಗ್ಗೆ 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ವರದಿ ಬರೆದಾಗ ಚರ್ಚೆಯಾದದ್ದು ಜೀತದ ಪ್ರಶ್ನೆ. ಆಗಬೇಕಾದ್ದೇ. ಆದರೆ ದೊಡ್ಡವರ ಬೆಂದ ಬೆರಳು ಅದೇ ತೊಟ್ಟಿಯಲ್ಲಿ ಉಳಿಯಿತು.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಕಲುಷಿತ ನೀರು ಮೊಡವೆಯನ್ನೂ ತರಬಹುದಲ್ಲವೇ? ತರಬಹುದು. ಕ್ಲೋರಿನ್ ಬೆರೆತ ಕೆಲವು ರಾಸಾಯನಿಕಗಳಿಂದ ಏಳುವ ಕ್ಲೋರಾಕ್ನೆ ಎಂಬ ಮೊಡವೆಗೆ 1899ರಲ್ಲಿ ಜರ್ಮನಿಯಲ್ಲಿ ಹೆಸರಿಟ್ಟರು. 1976ರಲ್ಲಿ ಇಟಲಿಯ ಸೆವೆಸೊದಲ್ಲಿ ಡೈಆಕ್ಸಿನ್ ಸೋರಿದಾಗ ಮಕ್ಕಳ ಮುಖದಲ್ಲಿ ಎದ್ದದ್ದು ಅದೇ, 2004ರಲ್ಲಿ ಉಕ್ರೇನಿನ ರಾಜಕಾರಣಿ ಯುಶ್ಚೆಂಕೊ ಅವರ ಮುಖವನ್ನು ಗುರುತು ಸಿಗದಂತೆ ಮಾಡಿದ್ದೂ ಅದೇ. ಕೆನ್ನೆಯ ಮೇಲ್ಭಾಗ, ಕಿವಿಯ ಹಿಂದೆ ಒತ್ತೊತ್ತಾಗಿ ಏಳುವ ಅದರ ಚಹರೆಯೇ ಬೇರೆ. ಅದನ್ನು ಹರೆಯದ ಮೊಡವೆಯೊಡನೆ ಕಲಸಿ, ಅಚ್ಚುಕಟ್ಟಿನ ಪ್ರತಿ ಮೊಡವೆಯನ್ನೂ ಹೊಳೆಯ ಲೆಕ್ಕಕ್ಕೆ ಬರೆದರೆ ಲಾಭವಾಗುವುದು ಹೊಳೆ ಕೆಡಿಸಿದವರಿಗೆ. ಒಂದು ಮೊಡವೆ ಹಾರ್ಮೋನಿನದ್ದೆಂದು ಸಾಬೀತಾದರೆ ಸಾಕು, ನೂರು ಕಾಲುಗಳ ದದ್ದನ್ನೂ ಅದರ ಜೊತೆಗೇ ತಳ್ಳಿಹಾಕುತ್ತಾರೆ. ಆಹಾರದ ನಂಜಿನ ಮಾತಿಗೂ ಇದೇ ಎಚ್ಚರ ಬೇಕು. 1969ರಲ್ಲಿ ಅಮೆರಿಕದ ಒಂದು ಪ್ರಯೋಗ ಚಾಕೊಲೇಟಿನಿಂದ ಮೊಡವೆ ಹೆಚ್ಚುವುದಿಲ್ಲ ಎಂದಿತು. ಹೋಲಿಕೆಗೆ ಕೊಟ್ಟ ತಿನಿಸಿನಲ್ಲೂ ಅಷ್ಟೇ ಸಕ್ಕರೆ, ಕೊಬ್ಬು ಇತ್ತೆಂದು ಆಮೇಲೆ ಎತ್ತಿ ತೋರಿಸಿದರು. 2007ರಲ್ಲಿ ಆಸ್ಟ್ರೇಲಿಯದಲ್ಲಿ ರಕ್ತದ ಸಕ್ಕರೆಯನ್ನು ನಿಧಾನಕ್ಕೆ ಏರಿಸುವ ಆಹಾರ ಕೊಟ್ಟಾಗ ತರುಣರ ಮೊಡವೆ ತಗ್ಗಿತು. ಅಜ್ಜಿಯರ ಪಥ್ಯದಲ್ಲಿ ಸ್ವಲ್ಪ ಹುರುಳಿದೆ. ಬದನೆಕಾಯಿಗೆ ಮಾತ್ರ ಈ ಪಾಪ ಅಂಟದು.

ಇತ್ತೀಚೆಗೆ ಬೈರಮಂಗಲದಲ್ಲಿ ಕೊಳಚೆ ನೀರನ್ನು ಜಲಾಶಯಕ್ಕೆ ಬಿಡದೆ ಪಕ್ಕದ ಕಾಲುವೆಯಲ್ಲಿ ಕೆಳಕ್ಕೆ ಹಾಯಿಸುವ ಯೋಜನೆ ಬಂತು. ಕೆಳಗಿನ ಊರಿನವರು ಒಪ್ಪಲಿಲ್ಲ, ಒಪ್ಪುವುದಾದರೂ ಹೇಗೆ? ಅಲ್ಲಿಂದ ಮುಂದೆ ಹೊಳೆ ಕನಕಪುರದ ಕಡೆ ಅರ್ಕಾವತಿಗೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ತುರಿಕೆ ಒಂದು ಕಣಕಾಲಿನಿಂದ ಇನ್ನೊಂದು ಕಣಕಾಲಿಗೆ ಸಾಗುತ್ತದೆ ಅಷ್ಟೇ. ಇದು ಎಂಜಿನಿಯರರೂ ಮಾಲಿನ್ಯ ನಿಯಂತ್ರಣ ಮಂಡಳಿಯವರೂ ಬಿಡಿಸಬೇಕಾದ ಗಂಟು. ವೈದ್ಯರ ಕೈಲಿರುವುದು ಅದಕ್ಕಿಂತ ಚಿಕ್ಕದು, ಖರ್ಚಿಲ್ಲದ್ದು. ಇಟಲಿಯ ವೈದ್ಯ ರಾಮಾಜ್ಜಿನಿ ಕಸುಬಿನ ರೋಗಗಳ ಬಗ್ಗೆ 1700ರಲ್ಲಿ ಪುಸ್ತಕ ಬರೆದಾಗ ರೋಗಿಗೆ ಕೇಳುವ ಹಳೆಯ ಪ್ರಶ್ನೆಗಳ ಜೊತೆಗೆ ಇನ್ನೊಂದನ್ನು ಸೇರಿಸಿರೆಂದು ವೈದ್ಯರಲ್ಲಿ ಕೇಳಿಕೊಂಡಿದ್ದ: ನೀನು ಮಾಡುವ ಕೆಲಸವೇನು? ಬಿಡದಿ, ರಾಮನಗರ, ಕನಕಪುರ ಸೀಮೆಯ ವೈದ್ಯರಲ್ಲಿ ಕೇಳಿಕೊಳ್ಳುವುದೂ ಅದನ್ನೇ. ಹೊರರೋಗಿ ಚೀಟಿಯಲ್ಲಿ ಹೆಸರು, ವಯಸ್ಸು, ಊರಿನ ಕೆಳಗೆ ಎರಡು ಪದಕ್ಕೆ ಜಾಗ ಮಾಡಿ: ಏನು ಕೆಲಸ, ಯಾವ ನೀರು.